ಒಂದು ಕ್ವಿಂಟಲ್ ಮೂವತ್ತೆರಡು ಕೆ.ಜಿ.

ಗದಗಿನ ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುವವನು. 28 ವರ್ಷವಾಯಿತು. ಹೆಸರು, ಕಡಲೆ, ಶೇಂಗಾ, ಒಣಮೆಣಸಿನಕಾಯಿ, ಉಳ್ಳಾಗಡ್ಡಿ, ಎಷ್ಟು ಚೀಲದ ತೂಕ ಬರೆದಿದ್ದೇನೋ ಲೆಕ್ಕವಿಲ್ಲ. ಲೆಕ್ಕ ಬರೆಯುವವನೇ ಲೆಕ್ಕವಿಲ್ಲ ಅಂದರೆ ಹೇಗೆ ಅಂತ ಕೇಳಬೇಡಿ. ಹಮಾಲರು ಚೀಲವನ್ನು ಕಾಟಾದ ಮೇಲೆ ಇಳಿಸಿದ ಸಪ್ಪಳ ಕೇಳಿಯೇ ನಾನು ಒಂದು ಅಂದಾಜು ಮಾಡುತ್ತೇನೆ. ಒಂದೆರಡು ಕೆ.ಜಿ. ಹಿಂದೆ ಮುಂದೆ ಆಗಬಹುದು, ಅಷ್ಟೇ.

ಹಿಂಗಿದ್ದವನಿಗೆ ಮನೆಯಾಕೆಯ ತೂಕ ಗೊತ್ತಿರಲಿಲ್ಲ. ಮದುವೆಯಾಗಿ 25 ವರ್ಷವಾದರೂ ಕೇಳಿರಲಿಲ್ಲ. ಕೇಳುವ ಮಾತೂ ಅಲ್ಲ ಅದು. ಅವಳೂ ನನ್ನದನ್ನು ಕೇಳಿರಲಿಲ್ಲ. ನನ್ನದು ಕೇಳುವ ಹಂಗೇ ಇಲ್ಲ ಬಿಡಿ, ದೂರದಿಂದಲೇ ಕಾಣುತ್ತದೆ.

ಆ 25ನೇ ವರ್ಷಕ್ಕೆ ಬೆಂಗಳೂರಿನಲ್ಲಿರುವ ಮಗಳು ಒಂದು ಕೆಲಸ ಮಾಡಿದಳು. ನಮ್ಮನ್ನು ಕೇಳದೇ ನೇಪಾಳದ ಪೋಖರಾಕ್ಕೆ ಟಿಕೆಟ್ ತೆಗೆಸಿದಳು. 'ಪಾಸ್‌ಪೋರ್ಟ್ ಇಲ್ಲವಲ್ಲ' ಅಂದರೆ, ನಮ್ಮ ದೇಶದವರಿಗೆ ವೋಟರ್ ಕಾರ್ಡ್ ಸಾಕು ಅಂದಳು. ಆ ಕಾರ್ಡು ನನಗೆ ಓಟು ಹಾಕುವುದನ್ನು ಬಿಟ್ಟು ಬೇರೆ ಉಪಯೋಗಕ್ಕೆ ಬಂದಿದ್ದು ಅದೇ ಮೊದಲು.

ತೂಕದ ತಕರಾರು ವಿಮಾನ ನಿಲ್ದಾಣದಲ್ಲೇ ಶುರುವಾಯಿತು. ತಲೆಗೆ 15 ಕೆ.ಜಿ. ಅಂತ ಮಗಳು ಮೊದಲೇ ಹೇಳಿದ್ದಳು. ನಮ್ಮಾಕೆ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದಿದ್ದಳು. ಅವಳ ಬ್ಯಾಗು 19 ತೋರಿಸಿತು. ನನ್ನದು 9. ಕೌಂಟರಿನ ಹುಡುಗಿ ನಕ್ಕು, ಎರಡೂ ಸೇರಿಸಿದರೆ ಸರಿಯಾಯಿತು ಅಂತ ಬಿಟ್ಟಳು. ನಮ್ಮ ಸಂಸಾರದ ಲೆಕ್ಕವೂ ಹೆಚ್ಚುಕಡಿಮೆ ಇದೇ ಅಲ್ವಾ ಅಂತ ನಾನು ಅಂದೆ. ಅವಳು ಏನೂ ಅನ್ನಲಿಲ್ಲ. ರೊಟ್ಟಿ ಮುರಿದಾವೇನೋ ಅಂತ ಅವಳ ಚಿಂತೆ ಅವಳಿಗೆ.

ಕಠ್ಮಂಡುವಿನಿಂದ ಪೋಖರಾ 200 ಕಿಲೋಮೀಟರ್. ಬಸ್ಸಿನಲ್ಲಿ ಇಡೀ ಒಂದು ದಿನ. ಅದನ್ನು ಬರೆಯುವುದಿಲ್ಲ, ನೆನೆಸಿಕೊಂಡರೆ ಈಗಲೂ ಸೊಂಟ ನೋಯುತ್ತದೆ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದೆ ಇರುತ್ತದೆ. ಒಂದು ತಾಸಲ್ಲ, ಅರ್ಧ ತಾಸಲ್ಲ, ಬರೀ 15 ನಿಮಿಷ. ಚಹಾ ಕುಡಿಯುವಷ್ಟು ಹೊತ್ತು. ನಾನಂತೂ ಗಡಿಯಾರ ತಿರುಗಿಸಲು ಹೋಗಲಿಲ್ಲ.

ಮರುದಿನ ಬೆಳಗ್ಗೆ ಫೇವಾ ಕೆರೆಯ ದಂಡೆಗೆ ಹೋಗಿ ನಿಂತೆವು. ಎದುರಿಗೆ ಬಿಳಿ ಗುಡ್ಡಗಳ ಸಾಲು. ಅದರಲ್ಲಿ ಮೊನೆಯ ಹಾಗೆ ಚೂಪಾಗಿ ನಿಂತಿರುವುದೇ ಮಚ್ಛಾಪುಚ್ಛ್ರೆ, ಅಂದರೆ ಮೀನಿನ ಬಾಲ. ಅನ್ನಪೂರ್ಣ ಅದಕ್ಕಿಂತ ಎತ್ತರ, 8,091 ಮೀಟರ್. ಆದರೆ ಹತ್ತಿರ ಇರುವುದರಿಂದ ಮಚ್ಛಾಪುಚ್ಛ್ರೆಯೇ ದೊಡ್ಡದಾಗಿ ಕಾಣುತ್ತದೆ. ಅದನ್ನು ಹತ್ತಲು ಪರವಾನಗಿ ಇಲ್ಲ. ಅಲ್ಲಿಯವರಿಗೆ ಅದು ದೇವರ ಗುಡ್ಡ. 1957ರಲ್ಲಿ ಹೋದ ಬ್ರಿಟಿಷ್ ತಂಡ ಕೂಡ ತುದಿ ತುಳಿಯದೆ, ಸ್ವಲ್ಪ ಕೆಳಗಿನಿಂದಲೇ ತಿರುಗಿ ಬಂತು. ಬೋರ್ಡಿನಲ್ಲಿ ಎತ್ತರ ಬರೆದಿದ್ದರು: 6,993 ಮೀಟರ್. ನಮ್ಮಾಕೆ ಓದಿ ನಿಂತಳು.

"ಇನ್ನೊಂದ್ ಏಳ ಮೀಟರ್ ಕೊಸರ ಹಾಕಿದ್ರ ದೇವ್ರ ಗಂಟೇನ್ ಹೋಗತಿತ್ರಿ?"

ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗಲೂ ಅವಳು ಹೀಗೇ. ತಕ್ಕಡಿ ಸಮ ನಿಂತರೆ ಅವಳ ಲೆಕ್ಕದಲ್ಲಿ ಅದು ಕಡಿಮೆ ತೂಕ. ಮೇಲೆ ಎರಡು ಬಿದ್ದು ತಕ್ಕಡಿ ಬಾಗಬೇಕು.

ಕೆರೆಯ ನಡುವೆ ತಾಲ್ ಬಾರಾಹಿ ದೇವಿಯ ಗುಡಿ ಇದೆ. ದೋಣಿಯಲ್ಲಿ ಹೋಗಬೇಕು. ನಾವಿಕನಿಲ್ಲದೆ ನಾವೇ ಹುಟ್ಟು ಹಾಕಿಕೊಂಡು ಹೋಗುವ ದೋಣಿ ಸ್ವಲ್ಪ ಅಗ್ಗ ಅಂತ ನಾನು ಅದನ್ನೇ ತೆಗೆದುಕೊಂಡೆ. ನಾನು ಮುಂದೆ ಕುಳಿತೆ, ಅವಳು ಹಿಂದೆ. ದೋಣಿಯ ಮುಂದಿನ ಮೂತಿ ನನ್ನನ್ನು ಎತ್ತಿಕೊಂಡು ಮೇಲೆದ್ದಿತು. ಹುಟ್ಟು ಹಾಕಿದರೆ ನೀರು ಸಿಗಲೊಲ್ಲದು, ಬರೀ ಗಾಳಿ ಕಡೆಯುತ್ತಿದ್ದೆ. ದಂಡೆಯ ಮೇಲಿನ ಮುದುಕನೊಬ್ಬ ಅವಳಿಗೆ ನಡುವೆ ಬರಲು ಕೈ ಮಾಡಿದ. ಅವಳು ಒಂದು ಹಲಗೆ ಮುಂದೆ ಬಂದಳು. ಮೂತಿ ಇಳಿಯಿತು. ಮಾತಿಲ್ಲದೆ ಗುಡಿ ಮುಟ್ಟಿದೆವು.

ಇಷ್ಟಾದರೂ ಅಂಕಿ ಗೊತ್ತಾಗಿರಲಿಲ್ಲ. ಗೊತ್ತಾಗಿದ್ದು ಮೂರನೇ ದಿನ.

ಮಗಳು ಪ್ಯಾರಾಗ್ಲೈಡಿಂಗ್‌ಗೆ ದುಡ್ಡು ಕಟ್ಟಿಬಿಟ್ಟಿದ್ದಳು. ಊರಲ್ಲಿ ಹೇಳುವಾಗ 'ಸುಮ್ನೆ ಗುಡ್ಡದ ಮೇಲೆ ಹೋಗಿ ನೋಡಿಕೊಂಡು ಬರೋದು' ಅಂದಿದ್ದಳು. ಅಂಗಡಿಗೆ ಹೋದರೆ ಮೊದಲು ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಏನಾದರೂ ಆದರೆ ನಮ್ಮದೇ ಜವಾಬ್ದಾರಿ ಅಂತ. ದಲಾಲಿ ಅಂಗಡಿಯವನು ಓದದೆ ಸಹಿ ಹಾಕುವುದಿಲ್ಲ. ಆದರೆ ಅದನ್ನು ಓದಿದ ಮೇಲೆ ಹಾಕುವುದು ಇನ್ನೂ ಕಷ್ಟವಾಯಿತು. ಆಮೇಲೆ ಕಾಟಾ. ನಮ್ಮ ಯಾರ್ಡಿನಂಥದ್ದಲ್ಲ, ಡಾಕ್ಟರ ಹತ್ತಿರ ಇರುವಂಥ ಸಣ್ಣ ಮಶೀನು. ಒಬ್ಬ ಹುಡುಗ ಮಾರ್ಕರ್ ಪೆನ್ನು ಹಿಡಿದು ನಿಂತಿದ್ದ. ಕಾಟಾ ಹತ್ತಿ ಇಳಿದವರ ಅಂಗೈ ಹಿಂದೆ ಅಂಕಿ ಬರೆಯುವುದು ಅವನ ಕೆಲಸ.

ನನ್ನ ಕೈಮೇಲೆ 53 ಬಿತ್ತು. ಅರ್ಧ ಕ್ವಿಂಟಲ್, ಮೇಲೆ ಮೂರು ಕೆ.ಜಿ. ಕೊಸರು.

ನಮ್ಮಾಕೆ ಕಾಟಾ ಹತ್ತುವಾಗ ನಾನು ಗೋಡೆಯ ಮೇಲಿನ ಫೋಟೋ ನೋಡುತ್ತಾ ನಿಂತೆ. ಮರ್ಯಾದೆಗೆ. ಆದರೆ ಹುಡುಗ ಜೋರಾಗಿ 'ಉನಾಸಿ' ಅಂತ ಕೂಗಿದ. ಹಿಂದಿಯ ಉನಾಸಿ ಅಂದರೆ 69 ಇರಬೇಕು ಅಂತ ನಾನು ತಿಳಿದೆ. ಅವಳು ಕೈ ತೋರಿಸಿದಾಗ 79 ಇತ್ತು. 28 ವರ್ಷ ತೂಕ ಬರೆದವನ ಅಂದಾಜು 10 ಕೆ.ಜಿ. ತಪ್ಪಿದ್ದು ಅದೇ ಮೊದಲು.

ಅವಳಿಗೆ ನಾಚಿಕೆಯೇನೂ ಆಗಲಿಲ್ಲ. ತಕ್ಷಣ ತಕರಾರು ತೆಗೆದಳು. "ನಿಮ್ಮ ಯಾರ್ಡಿನ್ಯಾಗ ಚೀಲದ ತೂಕ ಕಳೀತೀರಿಲ್ಲೋ? ಸ್ವೆಟರ್ ಐತಿ, ಬೂಟ ಅದಾವು, ಚೂಡಿದಾರ್ ಐತಿ. ಕಳದ ಬರೀರಿ ಅಂತ ಹೇಳ್ರಿ ಅವಗ." ಹೇಳುವಷ್ಟು ಹಿಂದಿ ನನಗೆ ಬರಲಿಲ್ಲ. ಚೀಲ ಸಮೇತ 79 ಹಾಗೇ ಉಳಿಯಿತು. ಇಬ್ಬರದೂ ಕೂಡಿಸಿದರೆ ಒಂದು ಕ್ವಿಂಟಲ್ ಮೂವತ್ತೆರಡು ಕೆ.ಜಿ. ಕೂಡಿಸದೆ ಬಿಡುವ ಚಟ ನನಗಿಲ್ಲ.

ಜೀಪಿನಲ್ಲಿ ಸಾರಂಗಕೋಟ್‌ಗೆ ಕರೆದೊಯ್ದರು. ಸುಮಾರು 1,600 ಮೀಟರ್ ಎತ್ತರದ ಗುಡ್ಡ. ಕೆಳಗೆ ಕೆರೆ ಹಸಿರು ಬಟ್ಟಲಿನ ಹಾಗೆ. ಒಬ್ಬೊಬ್ಬರಿಗೆ ಒಬ್ಬೊಬ್ಬ ಪೈಲಟ್. ಯಾರಿಗೆ ಯಾರು ಅಂತ ಕೈಮೇಲಿನ ಅಂಕಿ ನೋಡಿಯೇ ಗಂಟು ಹಾಕುತ್ತಾರೆ. ನಮ್ಮಾಕೆಗೆ ಒಬ್ಬ ಸಣ್ಣ ಹುಡುಗ ಬಂದ, ನನಗೆ ಒಬ್ಬ ಪೈಲ್ವಾನ. ಜಾತಕ ನೋಡುವವರಿಗಿಂತ ಇವರು ಚೆನ್ನಾಗಿ ಕೂಡಿಸುತ್ತಾರೆ ಅನ್ನಿಸಿತು.

ನಿಯಮ ಒಂದೇ. ಇಳಿಜಾರಿನಲ್ಲಿ ಓಡಬೇಕು. ಕಾಲಿಗೆ ನೆಲ ಸಿಗದಿದ್ದರೂ ಓಡುತ್ತಲೇ ಇರಬೇಕು. ಹೆದರಿ ಕುಳಿತರೆ ಕೆಟ್ಟಿತು. "ದೌಡೋ, ದೌಡೋ, ಬೈಠೋ ಮತ್!" ಅಂತ ಗುಡ್ಡದ ತುಂಬ ಅದೇ ಕೂಗು. ನಮ್ಮಾಕೆ ಓಡಿದ್ದನ್ನು ನಾನು ಕಡೆಗೆ ನೋಡಿದ್ದು ಯಾವಾಗಲೋ, ಮಗಳು ಸಣ್ಣಾಕೆ ಇದ್ದಾಗ ನಾಯಿ ಬೆನ್ನು ಹತ್ತಿದಾಗ. ಇಲ್ಲಿ ಏಳೆಂಟು ಹೆಜ್ಜೆ ಹಾಕಿದಳು, ಅಷ್ಟೇ. ಕೆಂಪು ಬಟ್ಟೆಯ ಅಡಿ ಕಾಲಾಡಿಸುತ್ತಾ ಕಣಿವೆಯ ಮೇಲೆ ಹೊರಟೇ ಹೋದಳು. ಹಿಂದೆ ತಿರುಗಿ ನೋಡಲಿಲ್ಲ. ನೋಡಲು ಬರುವುದಿಲ್ಲ ಅನ್ನುವುದು ಬೇರೆ ಮಾತು.

ನಾನು ಮೂರನೇ ಹೆಜ್ಜೆಗೇ ಕುಳಿತೆ. ಪೈಲ್ವಾನ ಹಿಂದಿನಿಂದ ಎತ್ತಿಕೊಂಡೇ ಓಡಿದ.

ಮೇಲೆ ಮೊದಲ ಹತ್ತು ನಿಮಿಷ ನಿಜಕ್ಕೂ ಚಂದ ಇತ್ತು. ಸಪ್ಪಳವೇ ಇಲ್ಲ. ಹಗ್ಗಗಳು ಸಣ್ಣಗೆ ಸುಯ್ ಅನ್ನುವುದು ಬಿಟ್ಟರೆ ಏನೂ ಕೇಳದು. ಪಕ್ಕದಲ್ಲೇ ಒಂದು ಹದ್ದು ರೆಕ್ಕೆ ಅಲ್ಲಾಡಿಸದೆ ಸುತ್ತುತ್ತಿತ್ತು. ಬಿಸಿಲಿಗೆ ಕಾದ ಗಾಳಿ ಮೇಲೇಳುವ ಜಾಗದಲ್ಲೇ ಹದ್ದು ಸುತ್ತುತ್ತದೆ, ಪೈಲಟ್ಟುಗಳೂ ಅದನ್ನು ನೋಡಿ ಅಲ್ಲಿಗೇ ಹೋಗುತ್ತಾರೆ. ನಾವೂ ಹೋದೆವು. ಸುತ್ತಿದೆವು. ಮತ್ತೆ ಸುತ್ತಿದೆವು. ಕೆರೆ ಒಮ್ಮೆ ಎಡಕ್ಕೆ, ಒಮ್ಮೆ ತಲೆಯ ಮೇಲೆ. ಬೆಳಗಿನ ಶೇಂಗಾ ಹೋಳಿಗೆ ಗಂಟಲಿಗೆ ಬಂತು. ಇಳಿಸಪ್ಪಾ ಅಂದೆ. ಅವನು ನಕ್ಕ. ಭಾರ ಕಡಿಮೆಯಾದರೆ ಬಟ್ಟೆ ಬೇಗ ಇಳಿಯುವುದಿಲ್ಲವಂತೆ. ನನ್ನಂಥ ಹಗುರ ಆಸಾಮಿ ಸಿಕ್ಕರೆ ಗಾಳಿ ಎತ್ತುತ್ತಲೇ ಇರುತ್ತದಂತೆ. ಕೆಳಗೆ ಕೆರೆಯ ದಂಡೆಯಲ್ಲಿ ಕೆಂಪು ಬಟ್ಟೆ ಮಡಚುತ್ತಿರುವುದು ಕಂಡಿತು. ಅವಳು ಇಳಿದಾಗಿತ್ತು.

ನಾನು ಇಳಿಯುವ ಹೊತ್ತಿಗೆ ನಮ್ಮಾಕೆ ಹುಲ್ಲಿನ ಮೇಲೆ ಕುಳಿತು ಎರಡನೇ ಚಹಾ ಕುಡಿಯುತ್ತಿದ್ದಳು. ನನ್ನ ಮುಖ ನೋಡಿ ನೀರಿನ ಬಾಟಲಿ ಕೊಟ್ಟಳು. ಆಮೇಲೆ ಅಂದಳು: "ರಾಶಿ ತೂರುವಾಗ ನೋಡಿಲ್ಲೇನ್ರಿ? ಕಾಳು ಕಾಲಬುಡಕ್ಕ ಬೀಳತೈತಿ. ಹೊಟ್ಟು ಗಾಳಿ ಕೂಡ ಹೊಕ್ಕೈತಿ."

ಅವಳ ತವರು ಮುಳಗುಂದದ ಕಡೆ ಒಕ್ಕಲುತನದ ಮನೆ. ಇಂಥ ಮಾತಿಗೆ ನನ್ನ ಹತ್ತಿರ ಉತ್ತರ ಇರುವುದಿಲ್ಲ. ಆ ಮಾರ್ಕರ್ ಎರಡು ದಿನ ಹೋಗಲಿಲ್ಲ. ರೊಟ್ಟಿ ಮುರಿಯುವಾಗಲೆಲ್ಲ ಎದುರಿಗೆ 79, ಈ ಕಡೆ 53.

ಊರಿಗೆ ಬಂದ ಮೇಲೆ ಜನವರಿಯ ಒಂದು ಭಾನುವಾರ ಮಾಗಡಿ ಕೆರೆಗೆ ಹೋಗಿದ್ದೆವು. ಲಕ್ಷ್ಮೇಶ್ವರ ರಸ್ತೆಯಲ್ಲಿ ಗದಗಿನಿಂದ ಮುಕ್ಕಾಲು ತಾಸಿನ ದಾರಿ. 2024ರಲ್ಲಿ ಅದಕ್ಕೆ ಜಗತ್ತಿನ ಮುಖ್ಯ ಕೆರೆ, ಜೌಗು ಜಾಗಗಳಿಗೆ ಕೊಡುವ ರಾಮ್ಸರ್ ಪಟ್ಟ ಸಿಕ್ಕಿದೆ. ಚಳಿಗಾಲದಲ್ಲಿ ಅಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ. ನಾವು ಕತ್ತೆತ್ತಿ ನೋಡಿದ ಆ ಗುಡ್ಡಗಳ ಸಾಲನ್ನು ಎರಡೂವರೆ ಮೂರು ಕೆ.ಜಿ.ಯ ಹಕ್ಕಿ ಹಾರಿ ದಾಟುತ್ತದೆ. ಸಹಿ ಇಲ್ಲ, ಪೈಲಟ್ ಇಲ್ಲ. ಹಗಲೆಲ್ಲ ಕೆರೆಯಲ್ಲಿ ಕೂತು, ಹೊತ್ತು ಮುಳುಗುವಾಗ ಎದ್ದು ನಮ್ಮ ರೈತರ ಹೊಲಕ್ಕೆ ಶೇಂಗಾ ತಿನ್ನಲು ಹೋಗುತ್ತವೆ. ಬೇಸಿಗೆಗೆ ಮುಂಚೆ ವಾಪಸ್ ಹೊರಡುವ ಹೊತ್ತಿಗೆ ಚೆನ್ನಾಗಿ ತೂಕ ಕಟ್ಟಿರುತ್ತವೆ.

ದಂಡೆಯ ಕಲ್ಲಿನ ಮೇಲೆ ಕುಳಿತಿದ್ದೆವು. ಹೊತ್ತು ಇಳಿದಿತ್ತು. ನೀರಿನ ನಡುವೆ ಗುಂಪಿನಲ್ಲಿ ಕಲಕಲ ಜಾಸ್ತಿಯಾಯಿತು. ಎರಡು ಹೆಬ್ಬಾತು, ಒಂದು ತುಸು ದಪ್ಪ, ರೆಕ್ಕೆ ಬಡಿಯುತ್ತಾ ನೀರಿನ ಮೇಲೆ ಪಟಪಟ ಹೆಜ್ಜೆ ಹಾಕಿದವು. ಹಿಂದಿನದು ನಡುವೆ ತಡವರಿಸಿ ಮತ್ತೆ ನೀರಿಗೆ ಕೂರುವ ಹಾಗೆ ಮಾಡಿತು.

ನಮ್ಮಾಕೆ ಎದ್ದು ನಿಂತು ಕೂಗಿದಳು.

"ಓಡ, ಓಡ! ಕುಂದರಬ್ಯಾಡ!"