ಹಿಂದಕ್ಕೆ ಕಟ್ಟಿದ ಕೈ

ಎಲೆಕ್ಟ್ರಿಕಲ್ ಮಷೀನ್ಸ್ ಲ್ಯಾಬಿನಲ್ಲಿ ಟೀಚಿಂಗ್ ಅಸಿಸ್ಟೆಂಟ್ ಯಾರೆಂದು ಯಾರನ್ನೂ ಕೇಳಬೇಕಾಗಿಲ್ಲ. ಟೇಬಲ್ಲಿಗೆ ನಾಲ್ಕೈದು ಹುಡುಗರು, ಎಲ್ಲರ ಕೈಯಲ್ಲೂ ವೈರು. ನಡುವೆ ಒಬ್ಬರು ಮಾತ್ರ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಮದುವೆ ಮನೆಯ ಪಂಕ್ತಿಯಲ್ಲಿ ಓಡಾಡುವ ಹಿರಿಯರ ಹಾಗೆ ಟೇಬಲ್ಲಿಂದ ಟೇಬಲ್ಲಿಗೆ ಹೋಗುತ್ತಿರುತ್ತಾರೆ. ಅದು ಗತ್ತಿಗೆ ಕಟ್ಟಿದ ಕೈಯಲ್ಲ. ಬಿಟ್ಟರೆ ತಾನಾಗಿಯೇ ಹೋಗಿ ಹುಡುಗರು ತಪ್ಪಾಗಿ ಸಿಕ್ಕಿಸಿದ ವೈರನ್ನು ಕಿತ್ತು ಸರಿಯಾದ ಟರ್ಮಿನಲ್ಲಿಗೆ ಹಾಕಿಬಿಡುತ್ತದೆ. ಹಾಕಿದರೆ ಮೀಟರು ಓಡುತ್ತದೆ, ಹುಡುಗರು ಥ್ಯಾಂಕ್ಸ್ ಹೇಳುತ್ತಾರೆ, ಮುಂದಿನ ವಾರ ಅದೇ ತಪ್ಪನ್ನು ಅಷ್ಟೇ ನಿಷ್ಠೆಯಿಂದ ಮಾಡುತ್ತಾರೆ.

ದಾವಣಗೆರೆಗೆ ಈ ದೃಶ್ಯ ಹೊಸದಲ್ಲ. ಇಲ್ಲಿನ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಬಿಡಿಟಿ 1951ರದು, ಬಿಐಇಟಿ 1979ರದು. ಮಿಲ್ಲುಗಳ ಊರಾಗಿದ್ದಾಗಲೇ ಇದು ಇಂಜಿನಿಯರುಗಳನ್ನು ತಯಾರು ಮಾಡಲು ಶುರುಮಾಡಿದ ಊರು. ಇಂಥ ಲ್ಯಾಬುಗಳಲ್ಲಿ ಎಂ.ಟೆಕ್ಕೋ ಪಿಎಚ್.ಡಿ.ಯೋ ಮಾಡುತ್ತ ಬ್ಯಾಚು ನೋಡಿಕೊಳ್ಳುವವರ ಸ್ಥಾನ ಮನೆಯ ನಡುವಿನ ಮಗನದು. ಪ್ರೊಫೆಸರರಿಗೆ ‘ಏನಪ್ಪಾ’, ಹುಡುಗರಿಗೆ ‘ಸರ್’. ಮೂವತ್ತು ವರ್ಷದಿಂದ ಅಲ್ಲೇ ಇರುವ ಅಟೆಂಡರಿಗೂ ಬಾಯಲ್ಲಿ ‘ಸರ್’, ಮನಸ್ಸಿನಲ್ಲಿ ‘ಪಾಪದ ಹುಡುಗ’. ಯಾವ ಮೋಟಾರಿನ ಬ್ರಷ್ಷು ಕಿಡಿ ಹಾರಿಸುತ್ತದೆ, ಕರೆಂಟು ಹೆಚ್ಚುಕಡಿಮೆ ಮಾಡುವ ಯಾವ ರಿಯೋಸ್ಟಾಟಿನ ಜಾರುಕಾಲು ನಡುವೆ ಕಚ್ಚುತ್ತದೆ ಎಂಬುದು ಯಾವ ಪುಸ್ತಕದಲ್ಲೂ ಇಲ್ಲ, ಅವರ ತಲೆಯಲ್ಲಿದೆ. ಸೆಮಿಸ್ಟರಿನ ಮೊದಲ ವಾರವೇ ಅವರ ಜೊತೆ ಒಂದು ಚಹಾ ಕುಡಿಯದ ಅಸಿಸ್ಟೆಂಟ್ ದಡ್ಡ ಎಂದೇ ಹೇಳಬೇಕು.

“ಎಲ್ಲಾ ಕರೆಕ್ಟ್ ಐತಿ ಸರ್, ಆದ್ರೆ ರೀಡಿಂಗ್ ಬರ್ತಿಲ್ಲ.” ಮೂರು ಗಂಟೆಯ ಲ್ಯಾಬಿನಲ್ಲಿ ಅತಿ ಹೆಚ್ಚು ಸಲ ಕೇಳುವ ವಾಕ್ಯ ಇದು. ಇದಕ್ಕೆ ಉತ್ತರ, “ಹೌದೇನಪ್ಪಾ? ಮೇನ್ಸ್ ಆಫ್ ಮಾಡು. ಸಪ್ಲೈಯಿಂದ ಬೆರಳಿಟ್ಟು ದಾರಿ ತೋರ್ಸು.” ಬೆರಳು ಕರೆಂಟು ಅಳೆಯುವ ಅಮ್ಮೀಟರಿನ ತನಕ ಗಟ್ಟಿಯಾಗಿ ಬರುತ್ತದೆ, ಪವರ್ ಅಳೆಯುವ ವ್ಯಾಟ್‌ಮೀಟರಿನ ಹತ್ತಿರ ಬಂದಾಗ ತಡವರಿಸುತ್ತದೆ. ತಡವರಿಸಿದ ಜಾಗದಲ್ಲಿ ತಪ್ಪಿರುತ್ತದೆ. ಹತ್ತರಲ್ಲಿ ಏಳು ಸಲ ಹುಡುಗನೇ “ಅಯ್ಯೋ” ಎಂದು ಸರಿಮಾಡಿಕೊಳ್ಳುತ್ತಾನೆ. ಅಸಿಸ್ಟೆಂಟಿನ ಕೈ ಹಿಂದೆಯೇ ಇರುತ್ತದೆ.

ದಾರಿ ತಪ್ಪಲು ಕಾರಣ, ಸರ್ಕ್ಯೂಟ್ ಡಯಾಗ್ರಾಮನ್ನು ಎಡದಿಂದ ಬಲಕ್ಕೆ ಅಕ್ಷರ ಓದಿದಂತೆ ಓದುವುದು. ಕೂಡಿಸುವ ಕ್ರಮ ಬೇರೆ. ಮೊದಲು ಕರೆಂಟು ಹರಿಯುವ ದಾರಿಯನ್ನು ದಪ್ಪ ವೈರಿನಲ್ಲಿ ಸುತ್ತು ಹಾಕಿ ಮುಗಿಸಬೇಕು: ಸ್ವಿಚ್ಚು, ಫ್ಯೂಸು, ಅಮ್ಮೀಟರು, ವ್ಯಾಟ್‌ಮೀಟರಿನ ಎಂ ಮತ್ತು ಎಲ್ (ಅದರ ಕರೆಂಟಿನ ಟರ್ಮಿನಲ್ಲುಗಳು), ಲೋಡು, ವಾಪಸ್. ವೋಲ್ಟ್‌ಮೀಟರು, ವ್ಯಾಟ್‌ಮೀಟರಿನ ಸಿ ಮತ್ತು ವಿ (ವೋಲ್ಟೇಜಿನ ಟರ್ಮಿನಲ್ಲುಗಳು) ಕೊನೆಗೆ ಬರುವ ನೆಂಟರು. ಬದಿಯಲ್ಲಿ ಕೂರುತ್ತಾರೆ, ದಾರಿಯಲ್ಲಿ ಅಲ್ಲ. ನೆಂಟರನ್ನು ದಾರಿಯಲ್ಲಿ ಕೂರಿಸಿದರೆ, ಅಂದರೆ ವೋಲ್ಟ್‌ಮೀಟರು ಸೀರೀಸಿಗೆ ಬಂದರೆ, ಲೋಡಿಗೆ ಏನೂ ದಾಟುವುದಿಲ್ಲ, ಬೈಗುಳದಲ್ಲಿ ಮುಗಿಯುತ್ತದೆ. ಅಮ್ಮೀಟರು ಸಪ್ಲೈಗೆ ಅಡ್ಡ ಬಂದರೆ ಮುಳ್ಳು ಬಾಗುತ್ತದೆ, ಅದು ಸ್ಟೋರ್ಸಿನ ರಿಜಿಸ್ಟರಿನಲ್ಲಿ ಮುಗಿಯುತ್ತದೆ.

ಕೈ ನಿಜವಾಗಿಯೂ ತುರಿಸುವುದು ಟ್ರಾನ್ಸ್‌ಫಾರ್ಮರಿನ ಶಾರ್ಟ್ ಸರ್ಕ್ಯೂಟ್ ಟೆಸ್ಟಿನಲ್ಲಿ. 2 ಕೆವಿಎ, 230/115 ವೋಲ್ಟಿನ ಟ್ರಾನ್ಸ್‌ಫಾರ್ಮರು ಎನ್ನಿ. 115ರ ಬದಿಯನ್ನು ದಪ್ಪ ವೈರಿನಿಂದ ಶಾರ್ಟ್ ಮಾಡಿ, 230ರ ಬದಿಗೆ, ಹಿಡಿ ತಿರುಗಿಸಿ ವೋಲ್ಟೇಜು ಬದಲಿಸುವ ಡಿಮ್ಮರ್‌ಸ್ಟಾಟಿನಿಂದ ಸೊನ್ನೆಯಿಂದ ಮೆಲ್ಲಗೆ ವೋಲ್ಟೇಜು ಏರಿಸಬೇಕು. 12 ವೋಲ್ಟಿನ ಆಸುಪಾಸಿಗೇ ಅಮ್ಮೀಟರು ಪೂರ್ತಿ ಲೋಡಿನ 8.7 ಆಂಪಿಯರ್ ತೋರಿಸಬಹುದು. ಹಿಂದಿನ ಬ್ಯಾಚಿನವರು ಡಿಮ್ಮರ್‌ಸ್ಟಾಟನ್ನು 230ರಲ್ಲೇ ಬಿಟ್ಟು ಹೋಗಿದ್ದು, ಈ ಬ್ಯಾಚಿನವರು ನೋಡದೆ ಸ್ವಿಚ್ ಹಾಕಿದರೆ ಲೆಕ್ಕದ ಪ್ರಕಾರ 150 ಆಂಪಿಯರ್ ದಾಟಬೇಕು. ಅಷ್ಟರಲ್ಲಿ ಎಂಸಿಬಿ ಸ್ವಿಚ್ಚು ತಾನಾಗಿ ಬಿದ್ದು ಇಡೀ ಲ್ಯಾಬು ತಿರುಗಿ ನೋಡುತ್ತದೆ. ಆದ್ದರಿಂದ ಸ್ವಿಚ್ಚಿಗೆ ಮೊದಲು ಡಿಮ್ಮರಿನ ಹಿಡಿ ಸೊನ್ನೆಯಲ್ಲಿದೆಯೇ ಎಂದು ಬಾಯಿಬಿಟ್ಟು ಹೇಳಿಸಬೇಕು. ನೋಡಿದ್ದೇನೆ ಎಂದರೆ ಸಾಲದು.

ಅದರ ಜೋಡಿ ಓಪನ್ ಸರ್ಕ್ಯೂಟ್ ಟೆಸ್ಟು ನೋಡಲು ಸಾಧು. 115ರ ಬದಿಗೆ ಸಪ್ಲೈ, 230ರ ಬದಿ ಖಾಲಿ. ಈ ‘ಖಾಲಿ’ ಎಂಬ ಮಾತೇ ಮೋಸ. ಏನೂ ಕೂಡಿಸದ ಆ ಎರಡು ಟರ್ಮಿನಲ್ಲುಗಳಲ್ಲಿ 230 ವೋಲ್ಟು ಸುಮ್ಮನೆ ಕೂತಿರುತ್ತದೆ, ಹುಡುಗರು ಅದರ ಪಕ್ಕದಲ್ಲೇ ಅಬ್ಸರ್ವೇಷನ್ ಬುಕ್ಕು ಇಟ್ಟು, ಮೊಣಕೈ ಊರಿ ಬರೆಯುತ್ತಿರುತ್ತಾರೆ. ಕೈ ಹಿಂದಿನಿಂದ ಮುಂದೆ ಬರಬೇಕಾದ ಅಪರೂಪದ ಸಂದರ್ಭಗಳಲ್ಲಿ ಇದೂ ಒಂದು: ಮೊದಲು ಸ್ವಿಚ್ ಆಫ್, ಆಮೇಲೆ ಮಾತು.

ನಡುವೆ ಕರೆಂಟು ಹೋದರೆ? ಬೇಸಿಗೆಯ ಮಧ್ಯಾಹ್ನ ಹೋಗುತ್ತದೆ. ಡಿ.ಸಿ. ಶಂಟ್ ಮೋಟಾರಿನ ತ್ರೀ ಪಾಯಿಂಟ್ ಸ್ಟಾರ್ಟರಿಗೆ ಬುದ್ಧಿ ಇದೆ. ಸಪ್ಲೈ ಸತ್ತ ಕೂಡಲೇ ಅದರ ಕಾಯಿಲು ಹಿಡಿಯನ್ನು ಬಿಟ್ಟು, ಸ್ಪ್ರಿಂಗು ಅದನ್ನು ಆಫ್‌ಗೆ ಎಳೆದುಕೊಳ್ಳುತ್ತದೆ. ಡಿಮ್ಮರ್‌ಸ್ಟಾಟಿಗೆ ಅಷ್ಟು ಬುದ್ಧಿ ಇಲ್ಲ, ಎಲ್ಲಿತ್ತೋ ಅಲ್ಲೇ ಇರುತ್ತದೆ. ಹುಡುಗರು ಹೋ ಎಂದು ಕೂಗಿ ಕಿಟಕಿ ಕಡೆ ಹೋಗುವ ಆ ಹೊತ್ತಿನಲ್ಲಿ ಒಂದೊಂದೇ ಟೇಬಲ್ಲಿನ ಮೇನ್ಸ್ ಆಫ್ ಮಾಡಿಸುತ್ತ ಹೋಗುವುದೇ ಅಸಿಸ್ಟೆಂಟಿನ ಕೆಲಸ.

ಡಿ.ಸಿ. ಮೋಟಾರಿಗೆ ಇನ್ನೊಂದು ಚಾಳಿ. ಶುರುಮಾಡುವ ಮುಂಚೆ ಕಾಂತಶಕ್ತಿ ಹುಟ್ಟಿಸುವ ಫೀಲ್ಡಿನ ರಿಯೋಸ್ಟಾಟ್ ಪೂರ್ತಿ ಕಡಿಮೆಗೆ, ತಿರುಗುವ ಭಾಗವಾದ ಆರ್ಮೇಚರಿನ ರಿಯೋಸ್ಟಾಟ್ ಪೂರ್ತಿ ಹೆಚ್ಚಿಗೆ. ಆರ್ಮೇಚರಿನ ರೆಸಿಸ್ಟೆನ್ಸು 2 ಓಮ್ ಇದ್ದರೆ, ನಿಂತ ಮೋಟಾರಿಗೆ ನೇರ 220 ವೋಲ್ಟು ಕೊಟ್ಟಾಗ 110 ಆಂಪಿಯರ್ ಕೇಳುತ್ತದೆ. ತಿರುಗಲು ಶುರುವಾದ ಮೇಲಷ್ಟೇ ಅದರಲ್ಲೇ ಹುಟ್ಟುವ ಎದುರು ವೋಲ್ಟೇಜು, ಬ್ಯಾಕ್ ಇ.ಎಂ.ಎಫ್., ಅದನ್ನು ತಡೆಯುವುದು. ಸ್ಟಾರ್ಟರಿಲ್ಲದೆ ರಿಯೋಸ್ಟಾಟಿನಿಂದ ಓಡಿಸುವಾಗ ಫೀಲ್ಡಿನ ವೈರು ಬಿಟ್ಟುಕೊಂಡರೆ ಅದರ ತದ್ವಿರುದ್ಧ. ಲೋಡಿಲ್ಲದ ಮೋಟಾರು ವೇಗ ಏರಿಸುತ್ತಲೇ ಹೋಗುತ್ತದೆ. ಅನುಭವಸ್ಥರ ಕಿವಿ ಆ ಸದ್ದು ಏರುವ ಮೊದಲ ಗಳಿಗೆಯಲ್ಲೇ ಮೇನ್ಸಿನ ಕಡೆ ತಿರುಗುತ್ತದೆ.

ಇನ್ನು ಕದ್ದ ರೀಡಿಂಗು. ಹುಡುಗರು ಸೀನಿಯರುಗಳ ರೆಕಾರ್ಡಿನಿಂದ ಎತ್ತುತ್ತಾರೆ, ಅದನ್ನು ಹಿಡಿಯುವುದು ಪತ್ತೇದಾರಿಯಷ್ಟೇ ಖುಷಿಯ ಕೆಲಸ. ಜನರೇಟರಿನ ಫೀಲ್ಡ್ ಕರೆಂಟಿಗೆ ಎಷ್ಟು ವೋಲ್ಟು ಎಂದು ತೋರಿಸುವ ಮ್ಯಾಗ್ನೆಟೈಸೇಷನ್ ಕರ್ವ್ ಸೊನ್ನೆಯಿಂದ ಹೊರಟಿದ್ದರೆ ಅದು ಟೇಬಲ್ಲಿನ ಮೇಲೆ ಹುಟ್ಟಿದ್ದಲ್ಲ. ಕಬ್ಬಿಣದಲ್ಲಿ ಉಳಿದ ಕಾಂತಶಕ್ತಿಯಿಂದ ಫೀಲ್ಡ್ ಕರೆಂಟು ಸೊನ್ನೆ ಇದ್ದಾಗಲೂ ಮೀಟರು ಒಂದಿಷ್ಟು ವೋಲ್ಟು ತೋರಿಸಲೇಬೇಕು. ಪ್ರಾಮಾಣಿಕರೂ ಇದೇ ಪ್ರಯೋಗ ಕೆಡಿಸುತ್ತಾರೆ, ಬೇರೆ ಥರ. ಕರೆಂಟು 0.32 ಬಂತು, ದುಂಡಗೆ 0.30 ಬೇಕು ಎಂದು ರಿಯೋಸ್ಟಾಟನ್ನು ಹಿಂದಕ್ಕೆ ಜಾರಿಸುತ್ತಾರೆ. ಹಿಂದಕ್ಕೆ ಬಂದ ಕಬ್ಬಿಣ ಹೋದ ದಾರಿಯಲ್ಲಿ ಬರುವುದಿಲ್ಲ, ವೋಲ್ಟೇಜು ಮೇಲೆಯೇ ಉಳಿಯುತ್ತದೆ, ಗ್ರಾಫಿನಲ್ಲಿ ಆ ಚುಕ್ಕಿ ಎದ್ದು ನಿಲ್ಲುತ್ತದೆ. 0.32 ಬಂದರೆ 0.32 ಬರಿ ಎಂದು ಎಷ್ಟು ಹೇಳಿದರೂ ದುಂಡಂಕಿಯ ಮೇಲಿನ ಮೋಹ ಹೋಗದು. ಎದ್ದ ಚುಕ್ಕಿ ಇರುವ ಗ್ರಾಫಿಗೆ ಕದ್ದ ಗ್ರಾಫಿಗಿಂತ ಒಂದು ಮಾರ್ಕು ಹೆಚ್ಚು ಕೊಡುವುದೇ ನ್ಯಾಯ.

ತ್ರೀ ಫೇಸ್ ಮೋಟಾರಿನ ಪವರನ್ನು ಎರಡು ವ್ಯಾಟ್‌ಮೀಟರಿನಲ್ಲಿ ಅಳೆಯುವ ಪ್ರಯೋಗದಲ್ಲಿ ಮೋಸ ಬೇಡ, ಮೈನಸ್ಸು ಮರೆತರೆ ಸಾಕು. ಪವರ್ ಫ್ಯಾಕ್ಟರ್, ಅಂದರೆ ಹರಿದ ಕರೆಂಟಿನಲ್ಲಿ ಕೆಲಸಕ್ಕೆ ಬರುವ ಪಾಲು, 0.5ಕ್ಕಿಂತ ಕೆಳಗಿದ್ದರೆ ಒಂದು ಮುಳ್ಳು ಹಿಂದಕ್ಕೆ ಹೋಗುತ್ತದೆ. ಸಪ್ಲೈ ಆಫ್ ಮಾಡಿ ಎಂ-ಎಲ್ ಅದಲುಬದಲು ಮಾಡಿದರೆ ಮುಂದಕ್ಕೆ ಬರುತ್ತದೆ, ಆದರೆ ಅದನ್ನು ಕಳೆಯಬೇಕು. ಒಂದರಲ್ಲಿ 700, ಇನ್ನೊಂದರಲ್ಲಿ 400 ಇದ್ದರೆ ಮೋಟಾರು ತಿನ್ನುವುದು 300 ವ್ಯಾಟ್. ಕೂಡಿಸಿದವರ ರೆಕಾರ್ಡಿನಲ್ಲಿ ಅದು ಸುಮ್ಮನೆ ತಿರುಗುತ್ತ 1100 ತಿನ್ನುತ್ತದೆ.

ವೈವಾಗೆ, ಅಂದರೆ ಬಾಯಿಮಾತಿನ ಪರೀಕ್ಷೆಗೆ, ಒಳ್ಳೆಯ ಪ್ರಶ್ನೆ ಹೆದ್ದಾರಿಯಲ್ಲೇ ಸಿಗುತ್ತದೆ. ಚಿತ್ರದುರ್ಗದ ಕಡೆಯಿಂದ ಬರುವ ಹುಡುಗಿಯನ್ನು ಕೇಳಿ, “ಗುಡ್ಡದ ಮೇಲೆ ಗಾಳಿ ಫ್ಯಾನು ನೋಡಿದೀಯೇನಮ್ಮಾ? ನಿಮಿಷಕ್ಕೆ 1440 ಸುತ್ತು ಓಡೋ ಈ ಇಂಡಕ್ಷನ್ ಮೋಟಾರನ್ನ ಗಾಳಿ 1500 ದಾಟಿಸಿ ತಿರುಗಿಸಿದ್ರೆ ಏನಾಗುತ್ತೆ?” ಲೈನಿಗೆ ವಾಪಸ್ ಪವರ್ ಕೊಡುತ್ತದೆ ಎಂದು ಅವಳೇ ನಿಧಾನಕ್ಕೆ ಹೇಳಿದರೆ ಪೂರ್ತಿ ಮಾರ್ಕು, ವೇಗದ ಕೊರತೆ ಲೆಕ್ಕಹಾಕುವ ಸ್ಲಿಪ್ಪಿನ ಸೂತ್ರ ಬಾಯಿಗೆ ಬರದಿದ್ದರೂ.

ಇಷ್ಟಾಗಿಯೂ ಬೆರಳಿಗೆ ಸಿಗದ ತಪ್ಪೊಂದು ಉಳಿಯುತ್ತದೆ: ಒಳಗೆ ಕಡಿದ ವೈರು. ಎಲ್ಲರೂ ಪಿನ್ನು ಹಿಡಿಯದೆ ವೈರು ಹಿಡಿದೇ ಎಳೆಯುವುದರಿಂದ ಪಿನ್ನಿನ ಬುಡದಲ್ಲಿ ತಾಮ್ರದ ಎಳೆಗಳು ಒಂದೊಂದಾಗಿ ಹರಿಯುತ್ತವೆ, ಮೇಲಿನ ಪ್ಲಾಸ್ಟಿಕ್ಕು ಮಾತ್ರ ಹೊಳೆಯುತ್ತಿರುತ್ತದೆ. ಮಲ್ಟಿಮೀಟರಿಗೆ ಹಿಡಿದರೆ ಬೀಪ್ ಎನ್ನುತ್ತದೆ. ಒಂದೇ ಎಳೆ ಉಳಿದಿದ್ದರೂ ಅದು ಬೀಪ್ ಎನ್ನುತ್ತದೆ, 5 ಆಂಪಿಯರ್ ಹರಿದಾಗ ಬಿಸಿಯಾಗುವುದು ಅದಕ್ಕೇನು ಗೊತ್ತು. ಬೀಪ್ ಕೇಳುತ್ತಲೇ ಎರಡೂ ತುದಿಯನ್ನು ಬಗ್ಗಿಸಿ ಅಲ್ಲಾಡಿಸಬೇಕು. ಸದ್ದು ತೊದಲಿದರೆ ಆ ವೈರಿನ ಕತೆ ಮುಗಿಯಿತು. ಅಂಥದ್ದಕ್ಕೆ ನಡುವೆ ಒಂದು ಗಂಟು ಹಾಕಿ, ಯಾರೂ ಬಳಸದಂತೆ ಗೂಟದ ತುದಿಗೆ ನೇತುಹಾಕಿ ಹೋಗುತ್ತಾರೆ. ಮಾರನೆಯ ದಿನ ಹೊಸ ಬ್ಯಾಚಿನ ಅತ್ಯಂತ ಶಿಸ್ತಿನ ಹುಡುಗ ಬಂದು, ಎಲ್ಲಕ್ಕಿಂತ ಮೊದಲು ಆ ಗಂಟನ್ನು ಬಿಚ್ಚಿ, ವೈರನ್ನು ನೀಟಾಗಿ ಸವರಿ, ಸರ್ಕ್ಯೂಟಿಗೆ ಸಿಕ್ಕಿಸುತ್ತಾನೆ.