ಜೋಕಿಗಿಂತ ಮುಂಚೆ ‘ಟೊಂಯ್’ ಯಾಕ್ರೀ?

ಈಗಷ್ಟೇ ಟಿವಿಯಲ್ಲಿ ಒಂದು ಕಾಮಿಡಿ ಸಿನಿಮಾ ಮುಗೀತು. ತಲೆ ಚಿಟ್ಟು ಹಿಡಿದಿದೆ. ಡೈಲಾಗಿಗೊಂದು ‘ಟೊಂಯ್’, ಹೀರೋ ಕಣ್ಣು ಪಿಳುಕಿಸಿದರೆ ‘ಪೊಂಯ್’. ಇದು ಜೋಕು, ನಗ್ರಪ್ಪಾ ಅಂತ ಕೀಬೋರ್ಡು ಪಕ್ಕೆಗೆ ತಿವಿದು ಹೇಳಬೇಕಾ?

ಈ ಟೊಂಯ್ ಹಾಕೋರು ಸಂಗೀತಗಾರ ಆಲ್ಫ್ ಕ್ಲಾಸೆನ್ ಕೆಲಸವನ್ನ ಒಮ್ಮೆ ಕೇಳಲಿ. ಅಮೆರಿಕದ ಕಾರ್ಟೂನ್ ಸರಣಿ ‘ದಿ ಸಿಂಪ್ಸನ್ಸ್’ ಅಂದಕೂಡಲೇ ಎಲ್ಲರ ಬಾಯಲ್ಲೂ ಡ್ಯಾನಿ ಎಲ್ಫ್‌ಮನ್. ಶೀರ್ಷಿಕೆ ಸಂಗೀತ ಅವರದು, ಒಪ್ಪಿದೆ. 1990ರಿಂದ 2017ರವರೆಗೆ ಕಂತುಗಳ ಒಳಗಿನ ಸಂಗೀತ ಬರೆದದ್ದು ಕ್ಲಾಸೆನ್. 35 ಜನರ ಆರ್ಕೆಸ್ಟ್ರಾ, ಕಂತಿಗೆ ಸುಮಾರು 30 ತುಣುಕು, ಕೆಲವಂತೂ ನಾಲ್ಕೈದೇ ಸೆಕೆಂಡು. ಕಾರ್ಟೂನ್ ತನಗೆ ಬೇಡ ಅಂತ ಮೊದಲು ಹಿಂಜರಿದವರು ಅವರು. ಇದನ್ನ ಕಾರ್ಟೂನ್ ಅಂದ್ಕೋಬೇಡಿ, ನಾಟಕ ಅಂದ್ಕೊಳ್ಳಿ ಅಂತ ಸರಣಿಯ ಸೃಷ್ಟಿಕರ್ತ ಮ್ಯಾಟ್ ಗ್ರೋನಿಂಗ್ ಒಪ್ಪಿಸಿದರು. ಹಾಗಾಗಿ ಸರಣಿಯ ಅಪ್ಪ ಹೋಮರ್ ಅತ್ತರೆ ತಂತಿವಾದ್ಯಗಳೂ ನಿಜವಾಗಿಯೇ ಅಳ್ತವೆ. ನಗು ಹುಟ್ಟೋದೇ ಅಲ್ಲಿ.

ಜೋಕಿನ ಜಾಗ ಹಿಡಿಯೋದು ಶುದ್ಧ ಲೆಕ್ಕ. ಸೆಕೆಂಡಿಗೆ 24 ಫ್ರೇಮು. ಟೆಂಪೋ 120, ಅಂದ್ರೆ ನಿಮಿಷಕ್ಕೆ 120 ಬೀಟು ಇಟ್ಟರೆ ಬೀಟಿಗೆ 12 ಫ್ರೇಮು. ಮೊದಲ ಬೀಟು ಸೊನ್ನೆ ಸೆಕೆಂಡಿಗೆ, ಪಂಚ್ 7.25ನೇ ಸೆಕೆಂಡಿಗೆ ಬಂತು ಅನ್ನಿ, ಅದು 15 ಮತ್ತು 16ನೇ ಬೀಟಿನ ನಡುವೆ ಸಿಕ್ಕಿಹಾಕಿಕೊಳ್ಳುತ್ತೆ. ಟೆಂಪೋವನ್ನ 124ಕ್ಕೆ ಏರಿಸಿ, 16ನೇ ಬೀಟು ಒಂದು ಫ್ರೇಮೂ ಆಚೀಚೆ ಆಗದೆ ಅಲ್ಲೇ ಬೀಳುತ್ತೆ. ಬಿದ್ದ ಕಡೆ ಬಾರಿಸಲೇಬೇಕು ಅಂತಿಲ್ಲ, ಅಲ್ಲಿ ನಿಲ್ಲಿಸಲೂಬಹುದು! ಮಾತು ನಡೀವಾಗ ಕ್ಲಾರಿನೆಟ್, ವಿಯೋಲಾ ಜೋರಾದರೆ ಮನುಷ್ಯನ ದನಿಯ ಶ್ರುತಿಮಟ್ಟದಲ್ಲೇ ಕೂತು ಪದ ನುಂಗ್ತವೆ. ಕೆಳಗೆ ಬೇಸ್, ಮೇಲೆ ತೆಳುವಾಗಿ ವಯಲಿನ್, ನಡುವಿನ ಜಾಗ ನಟನಿಗೆ.

“ಟಾಮ್ ಅಂಡ್ ಜೆರ್ರಿಯಲ್ಲಿ ಹೆಜ್ಜೆಹೆಜ್ಜೆಗೂ ಸದ್ದು ಇಲ್ವಾ?” ಅಂತ ಯಾರಾದರೂ ಕಾಮೆಂಟ್ ಹಾಕೇ ಹಾಕ್ತೀರಿ. ಇದೆ ಸ್ವಾಮಿ. ಅಲ್ಲಿ ಮಾತೇ ಅಪರೂಪ, ಮಾತಿನ ಕೆಲಸವನ್ನ ಸ್ಕಾಟ್ ಬ್ರ್ಯಾಡ್ಲಿಯ ಸಂಗೀತ ಮಾಡ್ತಿತ್ತು. ನಿಮ್ಮ ಹೀರೋ ಬಾಯಿ ಮುಚ್ಚೋದೇ ಇಲ್ಲವಲ್ಲ.

ಬಜೆಟ್ ಇಲ್ಲ ಅನ್ನೋದು ಇನ್ನೊಂದು ರಾಗ. ಅರ್ಧ ಸೆಕೆಂಡು ಮೌನಕ್ಕೆ ಯಾವ ಬಜೆಟ್ಟು? ಆಗೋದು ಬೇರೆಯೇ. ಆರ್‌.ಆರ್.ಗೆ (ಹಿನ್ನೆಲೆ ಸಂಗೀತದ ಕೆಲಸಕ್ಕೆ) ಸಿನಿಮಾ ತಡವಾಗಿ ಬರುತ್ತೆ, ಎಡಿಟರ್ ತಾತ್ಕಾಲಿಕವಾಗಿ ಅಂಟಿಸಿದ ರೆಡಿಮೇಡ್ ಟೊಂಯ್ ನಿರ್ದೇಶಕರ ಕಿವಿಗೆ ಒಗ್ಗಿಹೋಗುತ್ತೆ, ಅದೇ ಫೈನಲ್ ಮಿಕ್ಸಿಗೂ ಹೋಗುತ್ತೆ.

ಆಕ್ಷನ್ ಸಿನಿಮಾ ಸಂಗೀತದಷ್ಟೇ ಗಂಭೀರವಾಗಿ 1980ರ ಕಾಮಿಡಿ ಸಿನಿಮಾ ‘ಏರ್‌ಪ್ಲೇನ್!’ಗೆ ಎಲ್ಮರ್ ಬರ್ನ್‌ಸ್ಟೈನ್ ಬರೆದರು. ಡೈಲಾಗ್ ಟ್ರ್ಯಾಕ್ ಮ್ಯೂಟ್ ಮಾಡಿ ಕೇಳಿದರೆ ವಿಮಾನ ನಿಜಕ್ಕೂ ಬಿದ್ದೇಹೋಗುತ್ತೆ ಅನ್ನಿಸಬೇಕು, ಹಾಗಿದೆ. ನಿಮ್ಮ ಮುಂದಿನ ಸಿನಿಮಾಗೂ ಮಿಕ್ಸಿಂಗ್‌ಗೆ ಮೊದಲು ಇದೇ ಮ್ಯೂಟ್ ಪರೀಕ್ಷೆ ಮಾಡಿ. ಬರೀ ಟೊಂಯ್, ಪೊಂಯ್ ಉಳಿದರೆ ಆ ಟ್ರ್ಯಾಕನ್ನೇ ಡಿಲೀಟ್ ಮಾಡಿ, ದಮ್ಮಯ್ಯ.