ಅನುಮತಿ ಕೊಟ್ಟರೂ ತೆರೆಯದ ಫೋಲ್ಡರ್

ನಾಸ್ ಪೆಟ್ಟಿಗೆಯ (ಹಲವು ಕಂಪ್ಯೂಟರುಗಳು ನೆಟ್‌ವರ್ಕ್ ಮೂಲಕ ಹಂಚಿಕೊಳ್ಳುವ ಕಡತ ಸಂಗ್ರಹ) ಬಗೆಗಿನ ಲೇಖನವೊಂದರಲ್ಲಿ, ಬಳಕೆದಾರನ ಹೆಸರಿನ ಮುಂದೆ ‘ಓದು-ಬರೆ’ ಎಂದು ಗುರುತು ಹಾಕಿದರೆ ಹಂಚಿದ ಫೋಲ್ಡರ್ ತೆರೆಯುತ್ತದೆ ಎಂದು ಲೇಖಕರು ಬರೆದಿದ್ದಾರೆ. ಅಷ್ಟಕ್ಕೇ ಮುಗಿಯುವುದಿಲ್ಲ ಸ್ವಾಮಿ.

ಮಂಡ್ಯದಲ್ಲಿ ನನ್ನದೊಂದು ಸಣ್ಣ ಫೋಟೊ ಸ್ಟುಡಿಯೊ ಇದೆ. ಮದುವೆಯ ಚಿತ್ರಗಳೆಲ್ಲ ಒಂದು ನಾಸ್ ಪೆಟ್ಟಿಗೆಯಲ್ಲಿವೆ. ಆಲ್ಬಂ ಮಾಡುವ ಹುಡುಗನಿಗೆ ಪೂರ್ಣ ಅನುಮತಿ ಕೊಟ್ಟಿದ್ದೆ. ಆದರೂ ಅವನಿಗೆ ಫೋಲ್ಡರ್ ತೆರೆಯಲಿಲ್ಲ. ಎರಡು ದಿನ ಕೇಬಲ್ಲನ್ನೇ ಅನುಮಾನಿಸಿದೆ! ಕೊನೆಗೆ ನೋಡಿದರೆ, ಅವನು ಬಿಡಿಗೆಲಸಕ್ಕೆ ಬರುತ್ತಿದ್ದಾಗ ನಾನೇ ಅವನನ್ನು ‘ಹೊರಗಿನವರು’ ಎಂಬ ಗುಂಪಿಗೆ ಸೇರಿಸಿ, ಆ ಗುಂಪಿಗೆ ಪ್ರವೇಶ ನಿಷೇಧಿಸಿದ್ದೆ. ಸಿನಾಲಜಿ, ಕ್ಯೂನ್ಯಾಪ್ ಎಂಬ ಎರಡು ಕಂಪನಿಗಳ ನಾಸ್‌ಗಳಲ್ಲೂ ನಿಷೇಧದ ಮಾತೇ ಮೇಲು. ಆಮೇಲೆ ಓದು-ಬರೆ, ಕಡೆಗೆ ಬರೀ ಓದು. ಗುಂಪಿನಲ್ಲಿ ‘ಬೇಡ’ ಎಂದಿದ್ದರೆ ಹೆಸರಿಗೆ ಕೊಟ್ಟ ‘ಸರಿ’ಗೆ ಬೆಲೆಯಿಲ್ಲ. ಆದ್ದರಿಂದ ನಾನೀಗ ನಿಷೇಧ ಹಾಕುವುದನ್ನೇ ಬಿಟ್ಟಿದ್ದೇನೆ. ಬೇಡದವರ ಮುಂದೆ, ಅವರಿರುವ ಗುಂಪುಗಳ ಮುಂದೆಯೂ ಯಾವ ಗುರುತೂ ಇಲ್ಲದಿದ್ದರೆ ಸಾಕು, ಅವರಿಗೆ ಹೇಗೂ ಪ್ರವೇಶ ಸಿಗುವುದಿಲ್ಲ.

ಫೋಲ್ಡರಿನ ಒಳಗಿನ ಕಡತಗಳಿಗೆ ಬೇರೆಯೇ ಅನುಮತಿಗಳಿರಬಹುದು, ಅವನ್ನೂ ನೋಡಿ. ಇನ್ನೊಂದು ಮಾತು: ವಿಂಡೋಸ್ ಹಳೆಯ ಲಾಗಿನ್ನನ್ನೇ ಹಿಡಿದುಕೊಂಡು ಕೂರುತ್ತದೆ. ಅನುಮತಿ ಬದಲಿಸಿದ ಮೇಲೆ ಆ ಕಂಪ್ಯೂಟರಿನಿಂದ ಒಮ್ಮೆ ಲಾಗೌಟ್ ಆಗಿ ಬನ್ನಿ.